ಕಿಣ್ವದ ಡಬ್ಬಿಯೊಳಗಿನ ಹೊಲಿಗೆ

ಒಂದು ಸ್ಯಾಂಪಲ್ಲನ್ನು ಸರಿಯಾಗಿ ಪರೀಕ್ಷೆ ಮಾಡಿ ಮುಗಿಸಲು ನಮ್ಮ ಕಾಲದಲ್ಲಿ ಒಂದು ಒಳ್ಳೆಯ ಟಗರಿನ ಬೆಲೆ ಬೀಳುತ್ತಿತ್ತು. ಬಡಕಲು ಟಗರಲ್ಲ. ಬಕ್ರೀದಿನ ಹಿಂದಿನ ವಾರ ಬೀದರಿನ ಸಂತೆಯಲ್ಲಿ ಕೊಂಬಿಗೆ ಬಣ್ಣ ಹಚ್ಚಿಸಿಕೊಂಡು ನಿಲ್ಲುತ್ತದಲ್ಲ, ಅಂಥದ್ದು. ನಾನು ಕುರಿ ಸಾಕುವವರ ಮನೆಯಲ್ಲಿ ಹುಟ್ಟಿದವಳು. ಯಾವ ಬೆಲೆಯಾದರೂ ನನಗೆ ಮೊದಲು ಕುರಿಯಾಗಿಯೇ ಕಣ್ಣಮುಂದೆ ಬಂದು ನಿಲ್ಲುತ್ತದೆ, ಆಮೇಲೆ ರೂಪಾಯಿ ಆಗುತ್ತದೆ.

ಇಷ್ಟು ಯಾಕೆ ಎಂದು ಗಿರಾಕಿಗಳು ಕೇಳುತ್ತಿದ್ದರು. ಕೇಳಬೇಕು, ಕೇಳದವನು ವ್ಯಾಪಾರಕ್ಕೆ ಬಂದವನಲ್ಲ. ಉತ್ತರ ಹೀಗೆ: ಗಿರಾಕಿ ತಂದ ಒಂದು ಚಿಟಿಕೆ ಪುಡಿಯ ಜೊತೆಗೆ ನಾವು ಬರೀ ನೀರನ್ನೂ ಪರೀಕ್ಷೆಗೆ ಇಡಬೇಕು. ತಪ್ಪು ಇದೆ ಎಂದು ಮೊದಲೇ ಗೊತ್ತಿರುವ ಪುಡಿಯನ್ನು ಒಂದು ಕಡೆ, ತಪ್ಪೇ ಇಲ್ಲದ ಪುಡಿಯನ್ನು ಇನ್ನೊಂದು ಕಡೆ ಇಡಬೇಕು. ನೀರಿನಲ್ಲಿ ಏನಾದರೂ ಕಂಡರೆ ನಮ್ಮ ಕೈ ಕೊಳಕು. ತಪ್ಪಿರುವ ಪುಡಿಯಲ್ಲಿ ಏನೂ ಕಾಣದಿದ್ದರೆ ನಮ್ಮ ಕಣ್ಣು ಕುರುಡು. ಖರ್ಚಿನ ಹೆಚ್ಚು ಪಾಲು ಹೋಗುತ್ತಿದ್ದದ್ದು ನಮ್ಮನ್ನು ನಾವೇ ನಂಬದೆ ಇರುವುದಕ್ಕೆ. ಈ ಕೆಲಸಕ್ಕೆ ಹೊಸದಾಗಿ ಬರುವವರು ಟಗರಿನ ಈ ಲೆಕ್ಕವನ್ನು ಮೊದಲ ದಿನವೇ ತಲೆಯಲ್ಲಿ ಇಟ್ಟುಕೊಳ್ಳಿ.

ನನ್ನ ಊರು ಔರಾದ ತಾಲೂಕಿನ ಸಂತಪುರ. ಬೀದರಿನಲ್ಲಿ ಬಿ.ಎಸ್ಸಿ. ಮುಗಿಸಿ, ಊರಿಗೆ ಮರಳಿ ಕುರಿ ಹಿಂದೆ ಹೋಗಲು ಮನಸ್ಸಿಲ್ಲದೆ, ಒಂದು ಖಾಸಗಿ ಪ್ರಯೋಗಾಲಯದಲ್ಲಿ ಗಾಜಿನ ಸಾಮಾನು ತೊಳೆಯುವ ಕೆಲಸಕ್ಕೆ ಸೇರಿ, ನಿಧಾನಕ್ಕೆ ಪರೀಕ್ಷೆ ಮಾಡುವುದನ್ನೂ ಕಲಿತೆ. ಕೋಟೆಯ ದಿಕ್ಕಿಗೆ ಕಿಟಕಿ ಇದ್ದ ಮಾಳಿಗೆಯ ಮೇಲಿನ ಕೋಣೆಗಳು ಅವು. ಮಾಲಕರೂ ಮುಖ್ಯಸ್ಥರೂ ಆಗಿದ್ದವರು ಖಾದ್ರಿ ಸಾಹೇಬರು. ಬಿಳಿ ಗಡ್ಡ, ಅರ್ಧ ಮುಚ್ಚಿದ ಕಣ್ಣು. ನಿದ್ದೆ ಮಾಡುತ್ತಿದ್ದಾರೆ ಎಂದುಕೊಂಡು ನಾವು ಏನಾದರೂ ಅಡ್ಡದಾರಿ ಹಿಡಿದರೆ ಕಣ್ಣು ತೆರೆಯದೆಯೇ "ಮತ್ತೊಮ್ಮೆ ಮಾಡ್ರಿ ಬಾಯಿ" ಎನ್ನುತ್ತಿದ್ದರು.

ಕೆಲಸ ಏನೆಂದು ಹೇಳಿಬಿಡುತ್ತೇನೆ. ಬೇಕರಿಯ ಬ್ರೆಡ್ಡು ದಿನಗಟ್ಟಲೆ ಮೆತ್ತಗೆ ಉಳಿಯಲು, ಟೋಸ್ಟು ಹದವಾಗಿ ಅರಳಲು ಹಿಟ್ಟಿಗೆ ಕಿಣ್ವದ ಪುಡಿ ಹಾಕುತ್ತಾರೆ. ಆ ಕಿಣ್ವವನ್ನು ತಯಾರಿಸುವುದು ಕಣ್ಣಿಗೆ ಕಾಣದ ಸೂಕ್ಷ್ಮಜೀವಿ. ಹೆಚ್ಚು ಕಿಣ್ವ ಕೊಡಲಿ ಎಂದು ಕೆಲವು ಕಾರ್ಖಾನೆಗಳು ಆ ಜೀವಿಯ ಒಳಗೆ ಬೇರೆ ಜೀವಿಯ ವಂಶವಾಹಿ ಸೇರಿಸುತ್ತವೆ. ಹೀಗೆ ಕುಲಾಂತರಿ ಆದ ಜೀವಿಗೆ ಅನುಮತಿ ಪಡೆದಿರಬೇಕು. ಕೆಲಸ ಮುಗಿದ ಮೇಲೆ ಅದನ್ನು ಸೋಸಿ ತೆಗೆದು, ಬರೀ ಕಿಣ್ವವನ್ನು ಮಾರಬೇಕು. ಅನುಮತಿ ಇಲ್ಲದ ಜೀವಿಯೋ, ಅದರ ಡಿಎನ್‌ಎ ಚೂರೋ ಪುಡಿಯಲ್ಲಿ ಉಳಿದಿದ್ದರೆ ಅದನ್ನು ಹಿಡಿಯುವುದು ನಮ್ಮ ಪಾಲಿನ ಕೆಲಸ. ಅಂಥ ಜೀವಿಗಳಲ್ಲಿ ಗುರುತಿಗಾಗಿ, ರೋಗಾಣು ಕೊಲ್ಲುವ ಔಷಧಿಗೂ ಬಗ್ಗದ ಗುಣವನ್ನು ಸೇರಿಸಿರುತ್ತಾರೆ. ಅದು ಊಟದ ಮೂಲಕ ಊರಿನ ರೋಗಾಣುಗಳಿಗೆ ದಾಟಬಾರದೆಂಬುದೇ ದೊಡ್ಡ ಭಯ.

ಹೇಗೆ ಹಿಡಿಯುವುದು? ನಮ್ಮ ಅವ್ವ ಹಳೆಯ ಸೀರೆಗಳಿಂದ ಕೌದಿ ಹೊಲಿಯುತ್ತಿದ್ದಳು. ಹಸಿರು ಸೀರೆ ಯಾರ ಮನೆಯಲ್ಲೂ ಇರಬಹುದು, ಕೆಂಪು ಸೀರೆಯೂ ಇರಬಹುದು. ಆದರೆ ಆ ಹಸಿರಿನ ಆ ಅಂಚಿಗೆ ಈ ಕೆಂಪಿನ ಈ ಅಂಚನ್ನು ಸೇರಿಸಿದ ಹೊಲಿಗೆ ನಮ್ಮ ಮನೆಯ ಕೌದಿಯಲ್ಲಿ ಮಾತ್ರ. ಸೂಕ್ಷ್ಮಜೀವಿಯಲ್ಲೂ ಹಾಗೆಯೇ. ಔಷಧಿಗೆ ಬಗ್ಗದ ವಂಶವಾಹಿ ಹೊಲದ ಮಣ್ಣಿನ ಜೀವಿಯಲ್ಲೂ ಸಿಗುತ್ತದೆ. ಅದನ್ನು ಕಂಡ ಮಾತ್ರಕ್ಕೆ ಕಳ್ಳನನ್ನು ಹಿಡಿದಂತಲ್ಲ. ಎರಡು ಬೇರೆ ಬೇರೆ ತುಂಡುಗಳನ್ನು ಮನುಷ್ಯ ಜೋಡಿಸಿದ ಹೊಲಿಗೆ ಕಾಣಬೇಕು. ಆಗ ಮಾತ್ರ ಮಾತು. ಅದೂ ನಮಗೆ ಮೊದಲೇ ತಿಳಿದಿರುವ ಹೊಲಿಗೆಗಳನ್ನು ಮಾತ್ರ ಹುಡುಕಬಲ್ಲೆವು, ಅದನ್ನೂ ಮರೆಯಬಾರದು.

ಆ ಹೊಲಿಗೆಗೆ ಹೋಗಿ ಅಂಟುವ ಸಣ್ಣ ಡಿಎನ್‌ಎ ತುಣುಕಿಗೆ ಪ್ರೈಮರ್ ಎನ್ನುತ್ತೇವೆ. ಪ್ರೈಮರೂ ಉಳಿದ ರಾಸಾಯನಿಕಗಳೂ ಹೈದರಾಬಾದಿನಿಂದ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಬಸ್ಸಿನಲ್ಲೇ ಬರುತ್ತಿದ್ದವು. ಬೇಸಿಗೆಯಲ್ಲಿ ಕರೆಂಟು ಹೋದರೆ ಫ್ರೀಜರಿಗೆ ಐಸು ತುಂಬಬೇಕು. ಬರಗಾಲದಲ್ಲಿ ಐಸಿನ ಕಾರ್ಖಾನೆಗಳಿಗೇ ನೀರಿರಲಿಲ್ಲ. ಐಸು ಇದ್ದದ್ದು ಮೀನಿನ ಅಂಗಡಿಯ ಗಫೂರನ ಹತ್ತಿರ ಮಾತ್ರ.

"ಬಾಯಿ, ಮೀನ ಒಯ್ಯಂಗಿಲ್ಲ, ಬರೇ ಬರ್ಫ್ ಒಯ್ತೀರಿ. ಮನ್ಯಾಗ ಶರಬತ್ತಿನ ಅಂಗಡಿ ಹಾಕೀರೇನ್ರಿ?"

"ಗಾಳ ತಂಪ್ ಇಡಾಕ ಬೇಕಪಾ. ಕಣ್ಣಿಗಿ ಕಾಣಲಾರದ ಮೀನ ಹಿಡೀತೀವಿ ನಾವು."

"ಅಂದ್ರ ನಮ್ಮ ಧಂಧಾದವರೇ ಅದೀರಿ. ಹಂಗಾದ್ರ ಹೆಚ್ಚಿಗಿ ಕೊಡ್ರಿ, ಧಂಧಾದವರಿಗಿ ಉದ್ರಿ ಇಲ್ಲ."

ಅವನ ಜೊತೆ ಚೌಕಾಸಿ ಮಾಡಿ, ವಾರದ ಐಸಿಗೆ ಬದಲಾಗಿ ಅವನ ಬಾವಿಯ ನೀರನ್ನು ಪುಕ್ಕಟೆ ಪರೀಕ್ಷೆ ಮಾಡಿಕೊಡುವುದೆಂದು ಮಾತು ಮಾಡಿಕೊಂಡೆ. ಸಾಹೇಬರು ಅರ್ಧಗಣ್ಣಲ್ಲೇ ನಕ್ಕರು. ನಮ್ಮ ಪ್ರೈಮರುಗಳಿಗೆ ಆಮೇಲೆ ಬಹಳ ದಿನ ಮೀನಿನ ವಾಸನೆ ಇತ್ತು.

ಇನ್ನೊಂದು ಪಾಠವೂ ಆಗಲೇ ಕಲಿತದ್ದು. ಬಿಸ್ಕತ್ತಿನ ಹಿಟ್ಟು ಸಡಿಲ ಮಾಡುವ, ಪ್ರೋಟೀನು ಕತ್ತರಿಸುವ ಕಿಣ್ವ ಒಂದು ಬಂದಿತ್ತು. ಸ್ಯಾಂಪಲ್ ಹಾಕುವ ಪುಟ್ಟ ಗುಂಡಿಗಳಲ್ಲಿ, ಹುಡುಕಿದ ಡಿಎನ್‌ಎ ಇದ್ದರೆ ಬೆಳಕಿನ ಗೆರೆ ಮೂಡಬೇಕು. ಆ ಪುಡಿಯ ಗುಂಡಿಗಳೆಲ್ಲ ಕತ್ತಲು, ಏನೂ ಇಲ್ಲ. ನಾನು "ಸಾಫ್ ಅದ್ರಿ ಸಾಹೇಬ್ರ" ಎಂದೆ.

"ಇದರಾಗ ತಪ್ಪಿರೋ ಪುಡಿ ಬೆರಸಿ ಇಟ್ಟಿದ್ದಿರಲ್ಲ, ಆ ಗುಂಡಿ ಹ್ಯಾಂಗ ಅದ?"

ಅದೂ ಕತ್ತಲು. ಪರೀಕ್ಷೆ ನಡೆಸುವ ನಮ್ಮ ಕಿಣ್ವವೂ ಪ್ರೋಟೀನೇ ತಾನೆ! ಗಿರಾಕಿಯ ಪುಡಿ ನಮ್ಮ ಕಾವಲುಗಾರನನ್ನೇ ತಿಂದು ಬಾಯಿ ಒರೆಸಿಕೊಂಡಿತ್ತು. ಅಂದಿನಿಂದ ಅಂಥ ಪುಡಿಯನ್ನು ಮೊದಲು ಕುದಿಸಿ ಅದರ ಹಲ್ಲು ಮುರಿದು, ಡಿಎನ್‌ಎಯನ್ನು ಚೆನ್ನಾಗಿ ತೊಳೆದು ಆಮೇಲೆ ಪರೀಕ್ಷೆಗೆ ಇಡುತ್ತಿದ್ದೆವು. ಏನೂ ಕಾಣದೆ ಇರುವುದಕ್ಕೂ ಏನೂ ಇಲ್ಲದೆ ಇರುವುದಕ್ಕೂ ಬಹಳ ದೂರ.

ಈಗ ಭಾಲ್ಕಿಯ ಕಸ್ತೂರಬಾಯಿಯ ಮಾತಿಗೆ ಬರುತ್ತೇನೆ. ನನಗೆ ಈ ಕೆಲಸ ಅರ್ಥವಾದದ್ದು ಆಕೆಯಿಂದಲೇ.

ಮಳೆ ಸಾಲಾಗಿ ಕೈಕೊಟ್ಟ ವರ್ಷಗಳವು. ಸಂತಪುರಕ್ಕೆ ಹೋದಾಗ ಕರಿನೆಲ ಬಾಯಿ ಬಿಟ್ಟುಕೊಂಡು ಮಲಗಿರುತ್ತಿತ್ತು. ಬಿರುಕಿನೊಳಗೆ ಕೈ ಇಟ್ಟರೆ ತಂಪು ಸಿಗುತ್ತಿತ್ತು, ನೀರು ಸಿಗುತ್ತಿರಲಿಲ್ಲ. ಔರಾದಿನಿಂದ ಹೊರಡುವ ಬಸ್ಸುಗಳ ಮೇಲೆ ಗಂಟುಗಳು, ಕೊಡಗಳು, ಮಡಚಿದ ಕೌದಿಗಳು. ಬಸ್ಸು ಹೋದ ಮೇಲೂ ಧೂಳು ಬಹಳ ಹೊತ್ತು ಹಾಗೆಯೇ ನಿಂತಿರುತ್ತಿತ್ತು. ಮಧ್ಯಾಹ್ನದ ಬಿಸಿಲಿನಲ್ಲಿ ರಸ್ತೆಯ ತುದಿಯಲ್ಲಿ ಕೆರೆ ಇದ್ದಂತೆ ಕಾಣುತ್ತಿತ್ತು. ಹತ್ತಿರ ಹೋದಷ್ಟೂ ಅದು ಹಿಂದಕ್ಕೆ ಸರಿಯುತ್ತಿತ್ತು. ಆ ದಿನಗಳು ನನಗೆ ಈಗಲೂ ಕನಸಿನ ಹಾಗೆ ನೆನಪಾಗುತ್ತವೆ. ಎಲ್ಲರೂ ಎಲ್ಲಿಗೋ ಹೊರಟವರು, ಯಾರೂ ಮಾತಾಡುತ್ತಿಲ್ಲ.

ಕಸ್ತೂರಬಾಯಿ ಭಾಲ್ಕಿಯಿಂದ ಬೆಳಗಿನ ಗಾಡಿಗೆ ಬಂದಳು. ನನಗಿಂತ ಸ್ವಲ್ಪ ದೊಡ್ಡವಳು, ಬುದ್ಧನ ಚಿತ್ರದ ಚಿಕ್ಕ ಪದಕ ಕೊರಳಲ್ಲಿ. ಊರ ಅಂಚಿನ ಶೆಡ್ಡಿನಲ್ಲಿ ಓಣಿಯ ಹೆಂಗಸರನ್ನು ಕಟ್ಟಿಕೊಂಡು ಟೋಸ್ಟು, ಖಾರಿ ಮಾಡುತ್ತಿದ್ದಳು. ಹೊರದೇಶಕ್ಕೆ ಸರಕು ಕಳಿಸುವ ಹೈದರಾಬಾದಿನ ವ್ಯಾಪಾರಿಯೊಬ್ಬ ದೊಡ್ಡ ಆರ್ಡರು ಕೊಡಲು ಒಪ್ಪಿದ್ದ. ಅವನ ಷರತ್ತು ಒಂದೇ. ಹಿಟ್ಟಿಗೆ ಬೆರೆಸುವ ಕಿಣ್ವದ ಪುಡಿಯಲ್ಲಿ ಅನುಮತಿ ಇಲ್ಲದ ಕುಲಾಂತರಿ ಜೀವಿ ಇಲ್ಲವೆಂಬ ರಿಪೋರ್ಟು ಬೇಕು.

"ಆರ್ಡರ್ ಬಂದ್ರ ನಮ್ಮ ಓಣಿ ಉಳೀತದ್ರಿ ಅಕ್ಕಾ" ಎಂದಳು. "ಬರ್ಲಿಲ್ಲಂದ್ರ ಇಟ್ಟಂಗಿ ಭಟ್ಟಿಯ ಮುಕಾದಮ ಟೆಂಪೋ ತರ್ತಾನ. ಮುಂಗಡ ಆಗಲೇ ತೋರ್ಸಿ ಹೋಗ್ಯಾನ. ನಮ್ಮ ಮಂದಿ ನನ್ನ ಮಾರಿ ನೋಡ್ಕೋತ ಕುಂತಾರ."

ಮುಕಾದಮ ಎಂದರೆ ಕೂಲಿಯವರನ್ನು ಮುಂಗಡ ಕೊಟ್ಟು ಇಟ್ಟಿಗೆ ಗೂಡಿಗೆ ಒಯ್ಯುವ ಮೇಸ್ತ್ರಿ. ಒಮ್ಮೆ ಅವನ ಮುಂಗಡ ಮುಟ್ಟಿದರೆ ಅದು ತೀರುವವರೆಗೂ ವಾಪಸು ಬರುವ ಹಾಗಿಲ್ಲ. ಇದು ನನಗೆ ಗೊತ್ತಿತ್ತು. ಟೆಂಪೋ ಯಾವ ದಿನ ಬರುತ್ತದೆ ಎಂದು ಮಾತ್ರ ನಾನು ಕೇಳಲಿಲ್ಲ. ಕೇಳುವ ರೂಢಿ ಪ್ರಯೋಗಾಲಯದಲ್ಲಿ ಇರಲಿಲ್ಲ.

ನಮ್ಮಲ್ಲಿದ್ದ ರೂಢಿ ಬೇರೆ: ಅಗ್ಗದ ಪರೀಕ್ಷೆ ಮೊದಲು, ದುಬಾರಿಯದು ಕೊನೆಗೆ. ಹಾಗಾಗಿ ಆಕೆ ಒಣ ಹಿಟ್ಟಿನಲ್ಲಿ ಬೆರೆಸಿ ತಂದಿದ್ದ ಪುಡಿಯನ್ನು ಮೊದಲು ಔಷಧಿ ಬೆರೆಸಿದ ತಟ್ಟೆಗಳ ಮೇಲೆ ಹರಡಿದೆ. ಔಷಧಿಗೆ ಬಗ್ಗದ ಜೀವಿ ಇದ್ದರೆ ಅದೊಂದೇ ಅಲ್ಲಿ ಬೆಳೆಯಬೇಕು. ಕಾದು ನೋಡಿದರೆ ತಟ್ಟೆಯ ತುಂಬ ಬೂದು ಬಣ್ಣದ ಚುಕ್ಕೆಗಳು, ಒಣಗಿದ ಸುಣ್ಣದ ಹನಿಗಳ ಹಾಗೆ. ಓಡಿಹೋಗಿ ಸಾಹೇಬರಿಗೆ ತೋರಿಸಿದೆ. ಸಾಹೇಬರು ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಪುಡಿಯೇ ಹಾಕದೆ ಇಟ್ಟಿದ್ದ ತಟ್ಟೆಯನ್ನೂ ಎತ್ತಿ ಪಕ್ಕದಲ್ಲಿ ಇಟ್ಟರು. ಅದರಲ್ಲೂ ಚುಕ್ಕೆ.

"ಇದು ಪುಡಿ ಅಲ್ಲ ಬಾಯಿ. ನಿಮ್ಮ ಔರಾದದ ಹೊಲ ಕಿಟಕ್ಯಾಗಿಂದ ಹಾರಿ ಬಂದದ."

ಖರೆ. ಒಣ ನೆಲ ಗಾಳಿಗೆ ಎದ್ದು, ಅದರ ಜೀವಿಗಳೂ ಎದ್ದು ನಮ್ಮ ತಟ್ಟೆಗೆ ಬಂದು ಕುಳಿತಿದ್ದವು. ಹುಟ್ಟಿನಿಂದಲೇ ಔಷಧಿಗೆ ಜಗ್ಗದ ಮಣ್ಣಿನ ಜೀವಿಗಳು. ಊರು ಬಿಟ್ಟು ಹೊರಟವರ ಜೊತೆಗೆ ನೆಲವೂ ಹೊರಟಿತ್ತು. ಕಿಟಕಿಯ ಸಂದುಗಳಿಗೆ ಒದ್ದೆ ಬಟ್ಟೆ ತುರುಕಿ ಮತ್ತೆ ಮೊದಲಿನಿಂದ ಶುರು ಮಾಡಿದೆವು. ಅದರಲ್ಲೇ ಇನ್ನಷ್ಟು ದಿನ ಹೋದವು; ಈ ಸಲ ಪುಡಿಯ ತಟ್ಟೆಯಲ್ಲಿ ಮಾತ್ರ ಚುಕ್ಕೆ ಬಂದವು. ಆಮೇಲೆ ಔಷಧಿಗೆ ಬಗ್ಗದ ವಂಶವಾಹಿಯನ್ನು, ಹುಡುಕುವ ತುಣುಕನ್ನು ಲಕ್ಷಗಟ್ಟಲೆ ನಕಲು ಮಾಡಿ ತೋರಿಸುವ ಪಿಸಿಆರ್ ಯಂತ್ರದಲ್ಲಿ ನೋಡಿದೆ. ಕಂಡಿತು. ನೀರಿನ ಗುಂಡಿ ಶುದ್ಧವಾಗಿತ್ತು. ಆದರೂ ಅದು ಹಸಿರು ಸೀರೆ ಕಂಡಂತೆ ಅಷ್ಟೇ. ಹೊಲಿಗೆ ಇನ್ನೂ ನೋಡಬೇಕಿತ್ತು.

ಹೊಲಿಗೆ ನೋಡಿದ ಆ ಮಧ್ಯಾಹ್ನ ಚೆನ್ನಾಗಿ ನೆನಪಿದೆ. ಯಂತ್ರ ಬಿಸಿಯಾಗಿ ತಂಪಾಗಿ, ಮತ್ತೆ ಬಿಸಿಯಾಗಿ, ನಿದ್ದೆ ಹೋದ ದನದ ಹಾಗೆ ಉಸಿರಾಡುತ್ತಿತ್ತು. ಹೊರಗೆ ಬೆಂಕಿಯಂಥ ಬಿಸಿಲು, ಒಳಗೆ ಪರದೆ ಎಳೆದ ಕತ್ತಲ ಕೋಣೆ. ಯಂತ್ರದಲ್ಲಿ ಹೆಚ್ಚಿದ ಡಿಎನ್‌ಎಯನ್ನು ಹರಿಸಿದ ಮೆತ್ತನೆಯ ಜೆಲ್ಲಿನ ಹಾಳೆಯನ್ನು ನೇರಳೆ ದೀಪದ ಮೇಲೆ ಇಟ್ಟಾಗ ಮೊದಲು ಏನೂ ಕಾಣುವುದಿಲ್ಲ. ಕಣ್ಣು ಕತ್ತಲಿಗೆ ಹೊಂದಿಕೊಂಡ ಮೇಲೆ, ಆಳದ ಬಾವಿಯಲ್ಲಿ ಯಾರೋ ಹಣತೆ ತೇಲಿಬಿಟ್ಟ ಹಾಗೆ ಕೆಂಗಿತ್ತಳೆ ಗೆರೆಗಳು ಒಂದೊಂದಾಗಿ ಮೂಡುತ್ತವೆ. ಎಷ್ಟು ವರ್ಷ ನೋಡಿದರೂ ನನಗೆ ಅದು ಸಾಕಾಗಲಿಲ್ಲ. ಅಂದು ಮಾತ್ರ ಒಂದು ಗೆರೆ ಮೂಡದಿರಲಿ ಎಂದು ಮನಸ್ಸಿನೊಳಗೇ ಚೌಕಾಸಿ ಮಾಡುತ್ತಿದ್ದೆ. ಮೂಡಿತು. ತಪ್ಪಿರುವ ಪುಡಿಯ ಗೆರೆಯ ಪಕ್ಕದಲ್ಲಿ, ಅದೇ ಮಟ್ಟದಲ್ಲಿ, ಕಸ್ತೂರಬಾಯಿಯ ಗೆರೆ ಹೊಳೆಯುತ್ತ ಕುಳಿತಿತ್ತು.

ಆಕೆಯನ್ನು ಕರೆಸಿ ಹೇಳಿದೆ.

"ಭಟ್ಟ್ಯಾಗ ಹಾಕಿದ ಮ್ಯಾಲ ಎಲ್ಲಾ ಸುಟ್ಟು ಹೋಗ್ತದಲ್ರಿ ಅಕ್ಕಾ?"

"ಜೀವ ಸಾಯ್ತದ. ತುಣಕ ಉಳೀಬಹುದು. ಅವನು ಕೇಳಿದ್ದೂ ಟೋಸ್ಟಿಂದಲ್ಲ, ಪುಡಿಂದು."

"ಒಂದ ಸಬ್ದ ಬದಲ ಮಾಡಿದ್ರ ಏನ್ ಹೋಗ್ತದ್ರಿ? ಯಾರಿಗಿ ಕಾಣ್ತದ ಅದು? ನಿಮಗೊಬ್ಬರಿಗೇ ಕಾಣ್ತದ."

"ಹೈದರಾಬಾದದಾಗೂ ಕತ್ತಲ ಖೋಲಿ ಅವ ತಂಗಿ. ಅವನು ಒಮ್ಮಿ ಅಲ್ಲಿ ನೋಡ್ಸಿದಾ ಅಂದ್ರ ಈ ಆರ್ಡರ್ ಅಲ್ಲ, ನಿನ್ನ ಹೆಸರೇ ಹೋಗ್ತದ. ಸುಳ್ಳು ಬರದು ಕೊಡಂಗಿಲ್ಲ. ನಿನ್ನ ಜೋಡಿ ಬಂದು ಜಗಳಾ ಬೇಕಾದ್ರ ಆಡ್ತೇನಿ."

"ಜಗಳಾ ಉಂಡ್ರ ಹೊಟ್ಟಿ ತುಂಬ್ತದೇನ್ರಿ?"

"ಸರಿಯಾಗಿ ಆಡಿದ್ರ ತುಂಬ್ತದ. ಬಾ."

ಪುಡಿ ಮಾರಿದ ವ್ಯಾಪಾರಿ ಬೀದರಿನವನೇ. ಸೇಠ ಎಂದೇ ಎಲ್ಲರೂ ಕರೆಯುತ್ತಿದ್ದರು. ಗಾದಿಗೆ ಒರಗಿ ಅಡಕೆ ಕತ್ತರಿಸುತ್ತ ನಮ್ಮ ಮಾತು ಕೇಳಿದ.

"ಡಬ್ಬಿ ಸೀಲ್ ಒಡದು ಹಿಟ್ನ್ಯಾಗ ಕಲಸೀರಿ. ನಿಮ್ಮ ಶೆಡ್ಡಿನಾಗ ಧೂಳ, ನಿಮ್ಮ ಕೈಯಾಗ ಧೂಳ. ಅದು ನನ್ನ ಪುಡಿದೇ ಅಂತ ಹ್ಯಾಂಗ ಹೇಳ್ತೀರ್ರಿ? ಊರ ತುಂಬ ಮಣ್ಣು ಹಾರ್ಲತದ."

ಮಣ್ಣಿನಲ್ಲಿ ಹೊಲಿಗೆ ಇರುವುದಿಲ್ಲವೆಂದು ನಾನು ಹೇಳಬಹುದಿತ್ತು. ಆದರೆ ಸಂತೆಯಲ್ಲಿ ಬೆಳೆದವಳಿಗೆ ಇಷ್ಟು ಗೊತ್ತು, ಎದುರಿನವನಿಗೆ ಅರ್ಥವಾಗದ ಮಾತಿನಿಂದ ಬೆಲೆ ಇಳಿಯುವುದಿಲ್ಲ. ನಾವು ತಂದಿದ್ದು ಹಿಟ್ಟಿನಲ್ಲಿ ಬೆರೆತ ಪುಡಿ, ಅವನ ಮಾತು ಅಷ್ಟರ ಮಟ್ಟಿಗೆ ನ್ಯಾಯವೇ. ಮೆಟ್ಟಿಲಿಳಿಯುತ್ತ ಕಸ್ತೂರಬಾಯಿಯನ್ನು ಕೇಳಿದೆ, ಬೆರೆಸದೆ ಇರುವ ಪುಡಿ ಚಿಟಿಕೆಯಷ್ಟಾದರೂ ಉಳಿದಿದೆಯಾ ಎಂದು.

"ಎಲ್ಲಾ ಕಲಸೀವ್ರಿ" ಎಂದವಳು ತಟ್ಟನೆ ನಿಂತಳು. "ಮೊದಲನೇ ಮುಷ್ಟಿ ಅದ ನೋಡ್ರಿ! ನಮ್ಮತ್ತಿ ಕಾಲದಿಂದ ಹೊಸಾ ಚೀಲ ಒಡದ್ರ ಮೊದಲನೇ ಮುಷ್ಟಿ ಬಳಸಂಗಿಲ್ಲ. ಡಬ್ಬ್ಯಾಗ ಹಾಕಿ ಬುದ್ಧನ ಫೋಟೋದ ಮುಂದ ಇಡ್ತೀವಿ, ಚೀಲ ಮುಗಿಯೋತನಕ. ಹಿಟ್ಟಾಗ್ಲಿ, ಸಕ್ರಿ ಆಗ್ಲಿ. ಇದಕ್ಕೂ ಇಟ್ಟೀವಿ. ಇರಬಿ ಬರ್ತಾವಂತ ಡಬ್ಬಿಗಿ ಮ್ಯಾಣ ಹಚ್ಚೀನಿ."

ಮೇಣ! ನಾನು ಅಲ್ಲೇ ಮೆಟ್ಟಿಲ ಮೇಲೆ ಕುಳಿತು ನಕ್ಕುಬಿಟ್ಟೆ. ನಮ್ಮ ವೃತ್ತಿಯಲ್ಲಿ ಇದಕ್ಕೆ ಕಾಯ್ದಿಟ್ಟ ಸ್ಯಾಂಪಲ್ ಎನ್ನುತ್ತಾರೆ. ದೊಡ್ಡ ದೊಡ್ಡ ಕಾರ್ಖಾನೆಗಳೇ ಇಡಲು ಮರೆಯುತ್ತವೆ.

ಸಾಹೇಬರ ಮುಂದೆ ನಿಂತು, ಇನ್ನೊಂದು ಪರೀಕ್ಷೆ ಪ್ರಯೋಗಾಲಯದ ಖರ್ಚಿನಲ್ಲೇ ಆಗಬೇಕೆಂದು ಕೇಳಿದೆ.

"ಇನ್ನೊಂದ ಟಗರು ಕೊಯ್ಯಂತೀರಿ?"

"ಸೇಠನ ಕಡಿಂದ ವಸೂಲ ಮಾಡ್ತೇನ್ರಿ."

"ಆ ಸೇಠ ಅಡಕಿ ಸೈತ ಎಣಿಸಿ ತಿಂತಾನ. ಜಾವ್, ಮಾಡ್ರಿ."

ಮೊದಲ ಮುಷ್ಟಿಯಲ್ಲೂ ಅದೇ ಹೊಲಿಗೆ ಹೊಳೆಯಿತು. ಈ ಸಲ ಆ ಗೆರೆಯನ್ನು ನೋಡಿ ನನಗೆ ಖುಷಿಯಾಯಿತು. ಗೆರೆ ಅದೇ, ನಿಂತು ನೋಡುವ ಜಾಗ ಮಾತ್ರ ಬದಲಾಗಿತ್ತು.

ಮತ್ತೆ ಸೇಠನ ಗಾದಿಗೆ ಹೋದೆವು. ಮನೆಯಲ್ಲಿ ಇಟ್ಟ ಡಬ್ಬಿಗೆ ಕಾನೂನಿನಲ್ಲಿ ತೂಕ ಕಡಿಮೆ ಎಂದು ನನಗೂ ಗೊತ್ತು, ಅವನಿಗೂ ಗೊತ್ತಿತ್ತು. ಆದ್ದರಿಂದ ನಾನು ಆ ಡಬ್ಬಿಯನ್ನು ಮುಂದೆ ಇಟ್ಟೆ ಅಷ್ಟೇ, ಅದರ ಮೇಲೆ ವಾದ ಮಾಡಲಿಲ್ಲ.

"ಸೇಠಜಿ, ಇದೇ ಬ್ಯಾಚಿನ ಸೀಲ್ ಒಡೀದ ಡಬ್ಬಿ ನಿಮ್ಮ ಗೋದಾಮಿನ್ಯಾಗ ಅವ. ಒಂದು ನಮ್ಮೆದುರಿಗೇ ಒಡೀರಿ. ಸಾಫ್ ಬಂತಂದ್ರ ಪೇಟ್ಯಾಗೆಲ್ಲ ನಿಮ್ಮ ಪುಡಿ ಛಲೋ ಅಂತ ನಾನೇ ಹೇಳ್ತೇನಿ."

ಅಡಕೊತ್ತು ನಿಂತಿತು. ಒಡೆದರೆ ಗೋದಾಮಿನ ಅಷ್ಟೂ ಮಾಲಿನ ಗತಿ ಏನೆಂದು ಅವನು ಮನಸ್ಸಿನಲ್ಲೇ ತೂಗಿ ನೋಡುತ್ತಿದ್ದ. ನಾನು ಸುಮ್ಮನೆ ಕುಳಿತೆ. ಚೌಕಾಸಿಯಲ್ಲಿ ಸುಮ್ಮನಿರುವುದೇ ಕಷ್ಟದ ಕೆಲಸ.

"ಸಾಹೇಬ್ರಿಗಿ ಚಾ ತರ್ಸು" ಎಂದು ಒಳಗೆ ಕೂಗಿದ. ಸಾಹೇಬರು ಅಲ್ಲಿರಲೇ ಇಲ್ಲ. ಆಗಲೇ ನನಗೆ ಅವನು ಸೋತನೆಂದು ತಿಳಿಯಿತು. ಬೇರೆ ಕಾರ್ಖಾನೆಯ ಹೊಸ ಡಬ್ಬಿ ಕೊಟ್ಟ. ಕಲಸಿದ ಹಿಟ್ಟಿನ ನಷ್ಟ, ನಮ್ಮ ಎರಡೂ ಟಗರುಗಳು ಅವನ ತಲೆಗೇ ಬಂದವು. ಉಳಿದ ಡಬ್ಬಿಗಳನ್ನು ಕಾರ್ಖಾನೆಗೆ ವಾಪಸು ಕಳಿಸಿದ. ಕಳಿಸಿದ ರಸೀದಿ ನೋಡುವವರೆಗೂ ಸಾಹೇಬರು ಅವನನ್ನು ಬಿಡಲಿಲ್ಲ, ಸಂಬಂಧಪಟ್ಟ ಕಚೇರಿಗೂ ತಿಳಿಸಿದರು.

ಹೊಸ ಡಬ್ಬಿಯ ಪರೀಕ್ಷೆಯಲ್ಲಿ ಹೊಲಿಗೆ ಇರಲಿಲ್ಲ. ತಪ್ಪಿರುವ ಪುಡಿಯ ಗುಂಡಿ ಬೆಳಗಿತ್ತು, ನೀರಿನ ಗುಂಡಿ ಕತ್ತಲಾಗಿತ್ತು. ಎಲ್ಲವೂ ಇರಬೇಕಾದ ಹಾಗೆಯೇ. ರಿಪೋರ್ಟಿನ ಕಾಗದ ಹಿಡಿದು ನಾನೇ ಭಾಲ್ಕಿಗೆ ಹೋದೆ.

ಓಣಿ ಅರ್ಧ ಖಾಲಿ ಇತ್ತು. ಬಾಗಿಲುಗಳಿಗೆ ಬೀಗ, ಅಂಗಳದಲ್ಲಿ ಬೋರಲು ಹಾಕಿದ ಒರಳು. ಹಿಂದಿನ ದಿನವೇ ಟೆಂಪೋ ಬಂದು ಹೋಗಿತ್ತು. ಹೋದವರಲ್ಲಿ ಕಸ್ತೂರಬಾಯಿಯ ತಮ್ಮನ ಹೆಂಡತಿ ಶೀಲಾ ಕೂಡ ಇದ್ದಳು, ಎದೆಹಾಲು ಕುಡಿಯುವ ಮಗುವಿನ ಜೊತೆ.

ಕಸ್ತೂರಬಾಯಿ ಕಾಗದವನ್ನು ಓದಿದಳು. ಮಡಚಿದಳು.

"ಆರ್ಡರ್ ಉಳೀತು ಅಕ್ಕಾ. ನಿಮ್ಮ ಉಪಕಾರ." ಆಮೇಲೆ ಬೀಗ ಹಾಕಿದ ಬಾಗಿಲಿನ ಕಡೆ ನೋಡುತ್ತ, "ನಿನ್ನಿ ಬಂದಿದ್ರ ಶೀಲಾನೂ ಉಳೀತಿದ್ದಳು" ಎಂದಳು. ದೂರಿನ ದನಿಯಲ್ಲಿ ಅಲ್ಲ, ಗಾಡಿಯ ಹೊತ್ತು ಹೇಳುವ ಹಾಗೆ.

ಉಳಿದ ಹೆಂಗಸರು ಹಗಲಿಡೀ ಭಟ್ಟಿಯ ಮುಂದೆ ನಿಂತು ಆರ್ಡರು ಮುಗಿಸಿದರು. ಹೈದರಾಬಾದಿನ ವ್ಯಾಪಾರಿ ತನ್ನ ಕಡೆಯಿಂದಲೂ ಪರೀಕ್ಷೆ ಮಾಡಿಸಿದನಂತೆ, ಏನೂ ಸಿಗಲಿಲ್ಲ. ಮುಂದಿನ ಆರ್ಡರೂ ಬಂತು. ಮಳೆಗಾಲ ಹಿಡಿದ ಮೇಲೆ ಶೀಲಾ ವಾಪಸು ಬಂದಳು. ಮಗು ಇಟ್ಟಂಗಿ ಭಟ್ಟಿಯ ಬೂದಿಯಲ್ಲಿ ನಡೆಯಲು ಕಲಿತಿತ್ತು. ಅದು ಮೊದಲ ಹೆಜ್ಜೆ ಇಟ್ಟಾಗ ಸೋದರತ್ತೆಯಾದ ತಾನು ಅಲ್ಲಿರಲಿಲ್ಲವೆಂಬುದನ್ನು ಕಸ್ತೂರಬಾಯಿ ನನ್ನ ಮುಂದೆ ಒಮ್ಮೆ ಮಾತ್ರ ಹೇಳಿದಳು.

ಈಗ ಈ ಕೆಲಸಕ್ಕೆ ಬರುವ ನಿಮಗೆ ನನ್ನ ಮಾತು. ಯಂತ್ರಗಳು ನನ್ನ ಕಾಲಕ್ಕಿಂತ ಚುರುಕಾಗಿವೆ, ಡಿಎನ್‌ಎಯ ಅಕ್ಷರಗಳನ್ನು ಪೂರ್ತಿ ಓದಿ ಗೊತ್ತಿಲ್ಲದ ಹೊಲಿಗೆಯನ್ನೂ ಹಿಡಿಯುತ್ತವೆ ಎಂದು ಕೇಳಿದ್ದೇನೆ. ಒಳ್ಳೆಯದು. ಆದರೂ ನೀರಿನ ಗುಂಡಿಯನ್ನು ಬಿಡಬೇಡಿ. ಗಿರಾಕಿ ಎಷ್ಟೇ ಚೌಕಾಸಿ ಮಾಡಲಿ, ಬೇರೆ ಯಾವುದರಲ್ಲಾದರೂ ಬಿಟ್ಟುಕೊಡಿ, ಅದರಲ್ಲಿ ಮಾತ್ರ ಬೇಡ. ಧೂಳಿನ ಕಾಲದಲ್ಲಿ ತಟ್ಟೆ ನೋಡಿ ಯಾರನ್ನೂ ಕಳ್ಳ ಎನ್ನಬೇಡಿ. ಸಣ್ಣ ಕಾರ್ಖಾನೆಯವರಿಗೆ ಡಬ್ಬಿ ಒಡೆದ ದಿನವೇ ಒಂದು ಮುಷ್ಟಿ ತೆಗೆದು, ಸಾಧ್ಯವಾದರೆ ಮಾರಿದವನ ಎದುರಿಗೇ ಮೇಣ ಹಚ್ಚಿ ಸಹಿ ಹಾಕಿಸಿ ಇಡಲು ಕಲಿಸಿ. ಸುಳ್ಳು ರಿಪೋರ್ಟು ಕೊಡಬೇಡಿ, ಆದರೆ ನಿಜದ ರಿಪೋರ್ಟು ಕೊಟ್ಟು ಕೈ ತೊಳೆದುಕೊಳ್ಳಲೂ ಬೇಡಿ.

ಅಗ್ಗದ್ದು ಮೊದಲು, ದುಬಾರಿಯದು ಕೊನೆಗೆ ಎಂಬ ರೂಢಿಯನ್ನು ನಾವು ಆ ವರ್ಷವೇ ಬಿಟ್ಟೆವು. ಅವಸರ ಇರುವವರಿಗೆ ನೇರವಾಗಿ ಹೊಲಿಗೆಯ ಪರೀಕ್ಷೆ ಮಾಡಿ, ಟಗರಿನ ಬೆಲೆ ಎಂದು ಹಿಂದೆ ಸರಿಯಬೇಡಿ. ಯಾರಿಗೆ ಅವಸರ ಎಂಬುದು ಪುಡಿಯ ಚೀಟಿಯ ಮೇಲೆ ಬರೆದಿರುವುದಿಲ್ಲ. ಸ್ಯಾಂಪಲ್ ಕೈಗೆ ತೆಗೆದುಕೊಳ್ಳುವ ಮೊದಲು ಕುರ್ಚಿ ಕೊಡಿ, ನೀರು ಕೊಡಿ, ಈ ರಿಪೋರ್ಟಿಗಾಗಿ ಊರಲ್ಲಿ ಯಾರು ಕಾಯುತ್ತಿದ್ದಾರೆ, ಎಂದಿನವರೆಗೆ ಕಾಯಬಲ್ಲರು ಎಂದು ಕೇಳಿ. ಆ ಉತ್ತರ ಕೇಳಿದ ಮೇಲೆ ಯಂತ್ರದ ಸ್ವಿಚ್ಚು ಒತ್ತಿ.